ಗಿಡದ ಎಲೆ ಮುದುಡಿದಾಗ: ಕೀಟವೇ, ನಂಜೇ, ಕಳೆನಾಶಕವೇ?

ಮನೆಯಂಗಳದ ದಾಸವಾಳ, ನಂದಿಬಟ್ಟಲು, ಮಲ್ಲಿಗೆ, ಮಾರಾಟಕ್ಕೆಂದು ಬೆಳೆಸಿದ ಗುಲಾಬಿ, ರೇಷ್ಮೆ ಹುಳುವಿಗಾಗಿ ಬೆಳೆಸಿದ ಹಿಪ್ಪುನೇರಳೆ ಇವೆಲ್ಲವೂ ಪೊದೆಯಾಗಿ ಬೆಳೆಯುವ ಗಿಡಗಳು. ಇವುಗಳ ಚಿಗುರೆಲೆಗಳು ಮುದುಡಿಕೊಂಡದ್ದನ್ನು ಕಂಡ ಕೂಡಲೇ ಹೆಚ್ಚಿನ ರೈತರು ಕೀಟನಾಶಕದ ಡಬ್ಬಿಗೆ ಕೈ ಹಾಕುತ್ತಾರೆ. ವಾರದೊಳಗೆ ಗುಣ ಕಾಣದಿದ್ದರೆ ಇನ್ನೊಂದು ಔಷಧಿ, ಅದಕ್ಕೂ ಬಗ್ಗದಿದ್ದರೆ ಮತ್ತೊಂದು. ಕೊನೆಗೆ 'ಇದು ವಾಸಿಯಾಗದ ರೋಗ' ಎಂದು ಗಿಡವನ್ನೇ ಕಿತ್ತುಹಾಕುವುದೂ ಉಂಟು. ಮುದುಡುವಿಕೆಗೆ ಕಳೆನಾಶಕವೇ ಕಾರಣವಾಗಿದ್ದರೆ ಈ ಖರ್ಚೆಲ್ಲ ವ್ಯರ್ಥ. ಸುಮ್ಮನೆ ನೀರು ಕೊಟ್ಟು ಕಾದಿದ್ದರೆ ಗಿಡ ತಾನಾಗಿಯೇ ಚೇತರಿಸಿಕೊಳ್ಳುವ ಸಾಧ್ಯತೆ ಇರುತ್ತಿತ್ತು.

ಇದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತದೆ. ನುಸಿಯ ಬಾಧೆಯಿಂದ ಎಲೆ ಮುದುಡಿದ್ದರೂ 'ಪಕ್ಕದ ಹೊಲದವರು ಕಳೆ ಔಷಧಿ ಹೊಡೆದರು, ಅದಕ್ಕೇ ಹೀಗಾಯಿತು' ಎಂದು ಜಗಳಕ್ಕೆ ನಿಲ್ಲುವುದು. ಜಗಳ ಮುಗಿಯುವುದರೊಳಗೆ ನುಸಿ ಇಡೀ ತೋಟವನ್ನು ಆವರಿಸಿರುತ್ತದೆ. ಆದುದರಿಂದ ಔಷಧಿಗೂ ಮಾತಿಗೂ ಮೊದಲು ಕಾರಣವನ್ನು ಸರಿಯಾಗಿ ಗುರುತಿಸುವುದು ಅವಶ್ಯ. ಕಣ್ಣು, ಒಂದು ಭೂತಗನ್ನಡಿ, ಒಂದು ಹಾಳೆ ಬಿಳಿ ಕಾಗದ ಮತ್ತು ಸ್ವಲ್ಪ ತಾಳ್ಮೆ ಇದ್ದರೆ ಈ ಕೆಲಸದ ಬಹುಪಾಲನ್ನು ನೀವೇ ಮಾಡಬಹುದು.

ಮೊದಲು ಸುತ್ತಲೂ ನೋಡಿ

ಕಾಯಿಲೆಯ ಎಲೆಯನ್ನು ಕೈಗೆತ್ತಿಕೊಳ್ಳುವ ಮೊದಲು ತೋಟವನ್ನು ಒಂದು ಸುತ್ತು ಬನ್ನಿ. ಕೆಳಗಿನ ಪ್ರಶ್ನೆಗಳಿಗೆ ಉತ್ತರ ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಎಷ್ಟು ಜಾತಿಯ ಗಿಡಗಳಿಗೆ ತೊಂದರೆಯಾಗಿದೆ? ಕೀಟಗಳೂ ನಂಜುರೋಗಗಳೂ ಸಾಮಾನ್ಯವಾಗಿ ಒಂದು ಜಾತಿಯ ಗಿಡವನ್ನು ಇಲ್ಲವೇ ಅದರ ಹತ್ತಿರದ ಸಂಬಂಧಿಗಳನ್ನು ಮಾತ್ರ ಹಿಡಿಯುತ್ತವೆ. ದಾಸವಾಳ, ಗುಲಾಬಿ, ಟೊಮ್ಯಾಟೊ, ಅವರೆ, ಬದುವಿನ ಕಳೆಗಿಡಗಳು ಇವೆಲ್ಲವೂ ಒಂದೇ ವಾರದಲ್ಲಿ ಸೊಟ್ಟಗಾಗಿದ್ದರೆ ಕಳೆನಾಶಕದ ಮೇಲೆ ಬಲವಾದ ಸಂಶಯ ಪಡಬೇಕು.

2. ಹಾನಿ ಯಾವ ದಿಕ್ಕಿನಲ್ಲಿ ಹೆಚ್ಚು? ಗಾಳಿಯಲ್ಲಿ ತೇಲಿಬಂದ ಕಳೆನಾಶಕವು ಹೊಲದ ಆ ಅಂಚಿನಲ್ಲಿ ಹೆಚ್ಚು ಹಾನಿ ಮಾಡಿ, ಒಳಗೆ ಹೋದಂತೆ ಕಡಿಮೆಯಾಗುತ್ತದೆ. ಗೋಡೆ ಅಥವಾ ದಟ್ಟವಾದ ಬೇಲಿಯ ಮರೆಯಲ್ಲಿದ್ದ ಗಿಡಗಳು ಪಾರಾಗಿರುತ್ತವೆ. ನಂಜುರೋಗವಾದರೋ ಅಲ್ಲೊಂದು ಇಲ್ಲೊಂದು ಗಿಡದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ.

3. ಹಾನಿ ಹರಡುತ್ತಿದೆಯೇ? ಬಾಧೆಗೊಂಡ ಗಿಡಗಳಿಗೆಲ್ಲ ಬಣ್ಣದ ದಾರ ಕಟ್ಟಿ ಹತ್ತು ದಿನ ಬಿಟ್ಟು ಎಣಿಸಿ. ಕೀಟ ಮತ್ತು ರೋಗ ಹೊಸ ಗಿಡಗಳಿಗೆ ಹರಡುತ್ತವೆ. ಕಳೆನಾಶಕದ ಹಾನಿ ಹೆಚ್ಚಾಗಿ ಒಮ್ಮೆಲೇ ಕಾಣಿಸಿಕೊಂಡು ಅಲ್ಲಿಗೇ ನಿಲ್ಲುತ್ತದೆ.

4. ಬದುವಿನ ಕಳೆಗಳು ಹೇಗಿವೆ? ಇವು ಸುಳ್ಳು ಹೇಳದ ಸಾಕ್ಷಿಗಳು. ಪಾರ್ಥೇನಿಯಂ ಮುಂತಾದ ಅಗಲ ಎಲೆಯ ಕಳೆಗಳು ತಿರುಚಿಕೊಂಡು ಗರಿಕೆ ಮಾತ್ರ ಹಸಿರಾಗಿದ್ದರೆ 2,4-ಡಿ ಜಾತಿಯ ಔಷಧಿ ಬಿದ್ದಿರಬಹುದು. ಗರಿಕೆಯೂ ಹಳದಿಯಾಗಿ ಒಣಗಿದ್ದರೆ ಗ್ಲೈಫೋಸೇಟ್ ಎಂದು ಊಹಿಸಬಹುದು.

5. ಮುದುಡುವಿಕೆ ದಿನವಿಡೀ ಇರುತ್ತದೆಯೇ? ಮಧ್ಯಾಹ್ನ ಮುದುಡಿದ ಎಲೆ ಬೆಳಿಗ್ಗೆ ಮತ್ತೆ ಬಿಚ್ಚಿಕೊಂಡಿದ್ದರೆ ಅದು ನೀರಿನ ಕೊರತೆ ಅಥವಾ ಬೇರಿನ ತೊಂದರೆ. ಅಂತಹ ಗಿಡಕ್ಕೆ ಮುಂದಿನ ಪರೀಕ್ಷೆಗಳ ಅಗತ್ಯವಿಲ್ಲ. ಪಾತಿಯ ತೇವ ಮತ್ತು ಬೇರನ್ನು ನೋಡಿ.

ಎಲೆಯ ಅಡಿಭಾಗದ ಪರೀಕ್ಷೆ

ಬಾಧೆಗೊಂಡ ಚಿಗುರನ್ನು ಬಿಳಿ ಕಾಗದದ ಮೇಲೆ ನಾಲ್ಕಾರು ಬಾರಿ ತಟ್ಟಿ. ಕಾಗದದ ಮೇಲೆ ಹರಿದಾಡುವ ಜೀವಿಗಳನ್ನು ಭೂತಗನ್ನಡಿಯಲ್ಲಿ ನೋಡಿ. ಅನಂತರ ಎಲೆಯ ಅಡಿಭಾಗ, ಕುಡಿ ಮತ್ತು ಮೊಗ್ಗಿನ ಸಂದುಗಳನ್ನು ಪರೀಕ್ಷಿಸಿ.

ಥ್ರಿಪ್ಸ್ ನುಸಿ: ಸುಮಾರು ಒಂದು ಮಿಲಿಮೀಟರ್ ಉದ್ದದ, ಕಡ್ಡಿಯಂತಹ ಕೀಟ. ಗುಲಾಬಿ ಮತ್ತು ಮೆಣಸಿನ ಗಿಡಗಳಲ್ಲಿ ಸಾಮಾನ್ಯ. ಎಲೆಯ ಅಂಚುಗಳು ಮೇಲಕ್ಕೆ ಮಡಚಿ ದೋಣಿಯಂತಾಗುತ್ತವೆ. ಎಲೆಯ ಮೇಲೆ ಕೆರೆದಂತಹ ಕಂದು ಅಥವಾ ಬೆಳ್ಳಿ ಬಣ್ಣದ ಗೆರೆಗಳಿರುತ್ತವೆ. ಅಲಂಕಾರಕ್ಕೆ ಬೆಳೆಸುವ ಫೈಕಸ್ ಗಿಡದ ಎಲೆಗಳು ನಡುನರದ ಉದ್ದಕ್ಕೂ ಪುಸ್ತಕದಂತೆ ಮಡಚಿಕೊಂಡಿದ್ದರೆ ಬಿಡಿಸಿ ನೋಡಿ. ಒಳಗೆ ಕಪ್ಪು ಬಣ್ಣದ ಥ್ರಿಪ್ಸ್ ಕಾಣುತ್ತವೆ.

ಹಳದಿ ಮೈಟ್ ನುಸಿ: ಇದು ಬರಿಗಣ್ಣಿಗೆ ಕಾಣುವುದಿಲ್ಲವೆಂದೇ ಹೇಳಬೇಕು. ಎಲೆಯ ಅಂಚುಗಳು ಕೆಳಕ್ಕೆ ಬಾಗಿ ದೋಣಿ ಬೋರಲು ಹಾಕಿದಂತಾಗುತ್ತವೆ. ಎಲೆಗಳು ಗಡುಸಾಗಿ ಕಿರಿದಾಗುತ್ತವೆ, ಮೆಣಸಿನಲ್ಲಿ ತೊಟ್ಟು ಉದ್ದವಾಗುತ್ತದೆ. ಕಳೆನಾಶಕದ ಹಾನಿಯೊಡನೆ ಅತಿ ಹೆಚ್ಚು ಗೊಂದಲ ಉಂಟುಮಾಡುವುದು ಈ ನುಸಿಯೇ. ನುಸಿ ಹೋದ ಮೇಲೂ ಸೊಟ್ಟಗಾದ ಎಲೆ ಹಾಗೆಯೇ ಉಳಿಯುವುದರಿಂದ, 'ಭೂತಗನ್ನಡಿಯಲ್ಲಿ ನುಸಿ ಕಾಣಲಿಲ್ಲ, ಆದುದರಿಂದ ಕಳೆನಾಶಕವೇ' ಎಂಬ ತೀರ್ಮಾನ ಸರಿಯಲ್ಲ. ಇದನ್ನು ಬಿಡಿಸುವ ಉಪಾಯವನ್ನು ಮುಂದೆ ಹೇಳಲಾಗಿದೆ.

ಹಿಟ್ಟು ತಿಗಣೆ: ದಾಸವಾಳದ ಕುಡಿ ಗಂಟು ಕಟ್ಟಿ, ಎಲೆಗಳು ಒತ್ತೊತ್ತಾಗಿ ಮುದ್ದೆಯಾಗಿದ್ದರೆ ಸಂದುಗಳಲ್ಲಿ ಬಿಳಿ ಹಿಟ್ಟಿನಂತಹ ಪದಾರ್ಥವನ್ನು ಹುಡುಕಿ. ಅದರೊಳಗೆ ನಸುಗೆಂಪು ಬಣ್ಣದ ತಿಗಣೆ ಇರುತ್ತದೆ. ಹಿಪ್ಪುನೇರಳೆಯಲ್ಲಿ ರೇಷ್ಮೆ ಬೆಳೆಗಾರರು 'ತುಕ್ರಾ' ಎಂದು ಕರೆಯುವ ಬಾಧೆಗೂ ಇದೇ ತಿಗಣೆ ಕಾರಣ. ಇದು ರಸ ಹೀರುವಾಗ ಜೊಲ್ಲಿನ ಮೂಲಕ ಗಿಡದೊಳಗೆ ಬಿಡುವ ವಿಷದಿಂದ ಎಲೆ ಸುಕ್ಕುಗಟ್ಟಿ, ದಪ್ಪವಾಗಿ, ಕಡು ಹಸಿರಾಗುತ್ತದೆ. ಇರುವೆಗಳ ಸಾಲು ಕುಡಿಯ ಕಡೆಗೆ ಹರಿಯುತ್ತಿದ್ದರೆ ತಿಗಣೆಯನ್ನೋ ಸಸ್ಯಹೇನನ್ನೋ ಹುಡುಕಿರಿ.

ಬಿಳಿನೊಣ ಮತ್ತು ನಂಜುರೋಗ: ಬಿಳಿನೊಣ ಹರಡುವ ಎಲೆ ಮುಟುರು ನಂಜಿನಲ್ಲಿ ಎಲೆ ಮೇಲ್ಮುಖವಾಗಿ ಮುದುಡಿ, ನರಗಳ ನಡುವೆ ಹಳದಿಯಾಗಿ, ಗಿಡ ಗಿಡ್ಡಗಾಗುತ್ತದೆ. ದಾಸವಾಳ ಮತ್ತು ಹತ್ತಿಯ ಮುಟುರು ನಂಜಿನಲ್ಲಿ ಎಲೆಯ ಅಡಿಯ ನರಗಳು ಉಬ್ಬಿ ದಪ್ಪವಾಗುವುದುಂಟು. ಪರಂಗಿಯ ನಂಜುರೋಗದಲ್ಲಿ ಎಲೆ ಸೀಳಿ ದಾರದಂತಾಗುವುದರಿಂದ ಅದನ್ನು 2,4-ಡಿ ಹಾನಿಯೆಂದು ತಪ್ಪಾಗಿ ಭಾವಿಸುವ ಸಂಭವವಿದೆ. ಎಲೆಯಲ್ಲಿ ಹಸಿರು-ಹಳದಿ ಮಚ್ಚೆ, ಕಾಯಿಯ ಮೇಲೆ ಉಂಗುರದ ಗುರುತು ಇದ್ದರೆ ಅದು ನಂಜುರೋಗ. ನಂಜು ತಗುಲಿದ ಗಿಡದ ಹೊಸ ಚಿಗುರೂ ಕೆಟ್ಟೇ ಬರುತ್ತದೆ. ಕಳೆನಾಶಕದ ಹಾನಿ ಸೌಮ್ಯವಾಗಿದ್ದಲ್ಲಿ ಮುಂದಿನ ಚಿಗುರು ಸರಿಹೋಗುತ್ತದೆ. ಇವೆರಡರ ಮುಖ್ಯ ವ್ಯತ್ಯಾಸ ಇದೇ.

ಮಲ್ಲಿಗೆಯ ಎಲೆಯ ಮೇಲೆ ಬಿಳಿ ಉಣ್ಣೆಯಂತಹ ಬೆಳವಣಿಗೆ ಇದ್ದರೆ ಅದು ಇನ್ನೊಂದು ಬಗೆಯ ಮೈಟ್ ನುಸಿಯ ಗುರುತು. ಯಾವ ಕಳೆನಾಶಕವೂ ಇಂತಹ ಉಣ್ಣೆಯನ್ನು ಉಂಟುಮಾಡುವುದಿಲ್ಲ.

ಕಳೆನಾಶಕಗಳು ಬಿಡುವ ಗುರುತುಗಳು

ಎಲ್ಲ ಕಳೆನಾಶಕಗಳೂ ಎಲೆಯನ್ನು ಮುದುಡಿಸುವುದಿಲ್ಲ. ಒಂದೊಂದರ ಗುರುತು ಒಂದೊಂದು ಬಗೆ.

2,4-ಡಿ: ಇದು 1940ರ ದಶಕದಲ್ಲಿ ಬಳಕೆಗೆ ಬಂದ ಕಳೆನಾಶಕ. ಗಿಡದ ಬೆಳವಣಿಗೆಯನ್ನು ನಿಯಂತ್ರಿಸುವ ಆಕ್ಸಿನ್ ಎಂಬ ಚೋದಕದಂತೆ ಇದು ವರ್ತಿಸುತ್ತದೆ. ಜೋಳ, ಮೆಕ್ಕೆಜೋಳ, ಭತ್ತ, ಕಬ್ಬು ಮುಂತಾದ ಹುಲ್ಲಿನ ಜಾತಿಯ ಬೆಳೆಗಳು ಶಿಫಾರಸು ಮಾಡಿದ ಹಂತ ಮತ್ತು ಪ್ರಮಾಣದಲ್ಲಿ ಇದನ್ನು ತಡೆದುಕೊಳ್ಳುತ್ತವೆ. ಅಗಲ ಎಲೆಯ ಗಿಡಗಳಲ್ಲಿ ಬೆಳವಣಿಗೆ ಅಂಕೆ ತಪ್ಪುತ್ತದೆ. ಹತ್ತಿ, ದ್ರಾಕ್ಷಿ ಮತ್ತು ಟೊಮ್ಯಾಟೊ ಇದರ ಅತ್ಯಲ್ಪ ಪ್ರಮಾಣಕ್ಕೂ ಹಾನಿಗೊಳ್ಳುತ್ತವೆ. ಗುಲಾಬಿ ಮತ್ತು ದಾಸವಾಳದ ಎಳೆಯ ಚಿಗುರಿಗೂ ಅಪಾಯವಿದೆ. ಔಷಧಿ ತಗುಲಿದ ಒಂದೆರಡು ದಿನಗಳಲ್ಲೇ ಎಲೆಯ ತೊಟ್ಟು ಮತ್ತು ಎಳೆಯ ಕಾಂಡ ಕೆಳಕ್ಕೆ ಬಾಗಿ ತಿರುಚಿಕೊಳ್ಳುತ್ತವೆ. ಒಂದೆರಡು ವಾರಗಳಲ್ಲಿ ಬರುವ ಹೊಸ ಎಲೆಗಳು ಬಟ್ಟಲಿನಂತೆ ಗುಳಿಬೀಳುತ್ತವೆ ಅಥವಾ ಪಟ್ಟಿಯಂತೆ ಕಿರಿದಾಗುತ್ತವೆ. ನರಗಳು ಒಂದಕ್ಕೊಂದು ಒತ್ತಾಗಿ, ಸಮನಾಗಿ ಸಾಗುತ್ತವೆ. ಹತ್ತಿಯ ಎಲೆ ಬೆಂಡೆಯ ಎಲೆಯಂತೆ ಸೀಳುತ್ತದೆ, ದ್ರಾಕ್ಷಿಯ ಎಲೆ ಬೀಸಣಿಗೆಯಾಗುತ್ತದೆ. ಪ್ರಮಾಣ ಹೆಚ್ಚಾಗಿದ್ದರೆ ಕಾಂಡ ಊದಿ ಸೀಳುತ್ತದೆ.

ಗ್ಲೈಫೋಸೇಟ್: ಎಲೆ ಹಾಗೂ ಹಸಿರು ತೊಗಟೆಯ ಮೂಲಕ ಗಿಡದೊಳಗೆ ಇಳಿದು ಬೆಳೆಯುವ ಕುಡಿಗಳನ್ನು ಸೇರುತ್ತದೆ. ಎಳೆಯ ಎಲೆಗಳು ಬುಡದ ಕಡೆಯಿಂದ ಹಳದಿಯಾಗುತ್ತವೆ. ಪೊದೆಗಿಡಗಳಲ್ಲಿ ಇದರ ಹಾನಿ ತಡವಾಗಿ, ಕೆಲವೊಮ್ಮೆ ಮುಂದಿನ ಚಾಟನಿಯ ನಂತರದ ಚಿಗುರಿನಲ್ಲಿ ತೋರುತ್ತದೆ. ಒಂದೇ ಗಿಣ್ಣಿನಿಂದ ಸೂಜಿಯಂತಹ ಸಣ್ಣ ಎಲೆಗಳ ಗುಚ್ಛ ಪೊರಕೆಯಂತೆ ಹೊರಡುತ್ತದೆ. ಗುಲಾಬಿಯ ಕಾಂಡ ಹಸಿರಾಗಿರುವುದರಿಂದ ಅದಕ್ಕೆ ಅಪಾಯ ಹೆಚ್ಚು. ಆರು ತಿಂಗಳ ಹಿಂದಿನ ಸಿಂಪರಣೆಯನ್ನು ಎಲ್ಲರೂ ಮರೆತಿರುತ್ತಾರೆ. ಆದುದರಿಂದಲೇ ಇದನ್ನು ನಂಜುರೋಗವೆಂದು ತಿಳಿಯುವುದು ಹೆಚ್ಚು.

ಪ್ಯಾರಾಕ್ವಾಟ್: ಹನಿ ಬಿದ್ದಲ್ಲಿ ಮಾತ್ರ ಸುಟ್ಟಂತಹ ಚುಕ್ಕೆಗಳಾಗುತ್ತವೆ. ಗಿಡದೊಳಗೆ ಹೆಚ್ಚು ಚಲಿಸದ ಕಾರಣ ಹೊಸ ಚಿಗುರು ಆರೋಗ್ಯವಾಗಿರುತ್ತದೆ. ಚಿಗುರು ಮುದುಡಿದ್ದರೆ ಇದು ಕಾರಣವಲ್ಲ.

ಅಟ್ರಜಿನ್ ಮತ್ತು ಡೈಯುರಾನ್: ಇವನ್ನು ಮಣ್ಣಿಗೆ ಕೊಡುವುದು ಹೆಚ್ಚು. ಬೇರಿನ ಮೂಲಕ ಏರಿ ಎಲೆಯನ್ನು ಹಳದಿ ಮಾಡಿ ಸುಡುತ್ತವೆಯೇ ಹೊರತು ತಿರುಚುವುದಿಲ್ಲ. ಅಟ್ರಜಿನ್ ಹಾನಿ ಮೊದಲು ಹಳೆಯ ಎಲೆಗಳ ಅಂಚಿನಲ್ಲಿ ತೋರುತ್ತದೆ.

ರೆಂಬೆಯಿಂದ ದಿನದ ಲೆಕ್ಕ

ಪೂರ್ಣವಾಗಿ ಬಿಚ್ಚಿ ಬಲಿತ ಎಲೆಯನ್ನು 2,4-ಡಿ ಹೊಸದಾಗಿ ಬೇರೆ ಆಕಾರಕ್ಕೆ ತರಲಾರದು. ಔಷಧಿ ತಗುಲಿದಾಗ ಕುಡಿಯೊಳಗೆ ಮೊಳೆಯುತ್ತಿದ್ದ ಎಲೆಗಳೇ ಸೊಟ್ಟಗಾಗಿ ಹೊರಬರುತ್ತವೆ. ಆದುದರಿಂದ ರೆಂಬೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ ಮೊದಲು ಸರಿಯಾದ ಎಲೆಗಳು, ಆಮೇಲೆ ಸೊಟ್ಟ ಎಲೆಗಳ ಒಂದು ಪಟ್ಟಿ, ಅದರ ಮೇಲೆ ಚೇತರಿಸಿಕೊಂಡ ಎಲೆಗಳು ಕಾಣುತ್ತವೆ. ಅಕ್ಕಪಕ್ಕದ ರೆಂಬೆಗಳಲ್ಲೂ ಈ ಪಟ್ಟಿ ಹೆಚ್ಚುಕಡಿಮೆ ಅದೇ ಎತ್ತರದಲ್ಲಿದ್ದರೆ, ಒಂದೇ ದಿನ ಒಂದೇ ಪೆಟ್ಟು ಬಿದ್ದಿದೆ ಎಂದರ್ಥ.

ಆ ದಿನ ಯಾವುದು? ಒಂದು ಚಿಗುರಿಗೆ ದಾರ ಕಟ್ಟಿ ಹತ್ತು ದಿನಗಳಲ್ಲಿ ಎಷ್ಟು ಹೊಸ ಎಲೆ ಬಿಚ್ಚಿಕೊಂಡವೆಂದು ಎಣಿಸಿ. ಉದಾಹರಣೆಗೆ 3 ಎಲೆ ಎಂದಿಟ್ಟುಕೊಳ್ಳಿ. ಮೊದಲ ಸೊಟ್ಟ ಎಲೆಯಿಂದ ತುದಿಯವರೆಗೆ ಈಗ 6 ಎಲೆಗಳಿದ್ದರೆ, ಪೆಟ್ಟು ಬಿದ್ದದ್ದು ಸುಮಾರು 20 ದಿನಗಳ ಹಿಂದೆ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದರಿಂದ ಲೆಕ್ಕದಲ್ಲಿ ಕೆಲವು ದಿನಗಳ ವ್ಯತ್ಯಾಸ ಬರಬಹುದು. ಆದರೂ ಆ ದಿನಗಳಲ್ಲಿ ಯಾವ ಹೊಲಕ್ಕೆ ಏನು ಸಿಂಪಡಿಸಲಾಯಿತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು ಎಂದು ವಿಚಾರಿಸಲು ಇದು ಸಾಕು. ನೆರೆಯವರನ್ನು ಕೇಳುವ ಮೊದಲು ನಿಮ್ಮ ಮನೆಯ ಪಂಪು ಆ ವಾರ ಎಲ್ಲಿಗೆ ಹೋಗಿತ್ತು ಎಂಬುದನ್ನೂ ನೆನಪಿಸಿಕೊಳ್ಳಿ.

ಸಂಶಯ ಉಳಿದಾಗ ಮಾಡುವ ಎರಡು ಪರೀಕ್ಷೆಗಳು

ಗಂಧಕದ ಪರೀಕ್ಷೆ: ಹಳದಿ ಮೈಟ್ ನುಸಿಯೋ ಕಳೆನಾಶಕವೋ ಎಂದು ತಿಳಿಯದಿದ್ದಾಗ ತೋಟಕ್ಕೆಲ್ಲ ಸಿಂಪಡಿಸಬೇಡಿ. ಒಂದೇ ಬಗೆಯಾಗಿ ಮುದುಡಿದ ಹತ್ತು ಗಿಡಗಳನ್ನು ಆರಿಸಿ, ಐದಕ್ಕೆ ಮಾತ್ರ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕವನ್ನು ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ. ಉಳಿದ ಐದನ್ನು ಹಾಗೆಯೇ ಬಿಡಿ. ಎರಡು ಮೂರು ವಾರಗಳ ನಂತರ ಹೊಸ ಎಲೆಗಳನ್ನು ಹೋಲಿಸಿ. ಸಿಂಪಡಿಸಿದವು ಸುಧಾರಿಸಿ, ಬಿಟ್ಟವು ಇನ್ನೂ ಕೆಡುತ್ತಿದ್ದರೆ ನುಸಿಯೇ ಕಾರಣ. ಎರಡೂ ಗುಂಪುಗಳು ಸಮನಾಗಿ ಚೇತರಿಸಿಕೊಂಡರೆ ಕಳೆನಾಶಕದ ಸಂಶಯ ಬಲವಾಗುತ್ತದೆ. ಎಲ್ಲ ಗಿಡಗಳಿಗೂ ಸಿಂಪಡಿಸಿಬಿಟ್ಟರೆ ಗುಣವಾದದ್ದು ಔಷಧಿಯಿಂದಲೋ ಕಾಲದಿಂದಲೋ ತಿಳಿಯುವುದಿಲ್ಲ. ಹುಳುವಿಗೆ ಸೊಪ್ಪು ಕೊಯ್ಯುವ ಹಿಪ್ಪುನೇರಳೆಯಲ್ಲಿ ಮಾತ್ರ ರೇಷ್ಮೆ ಇಲಾಖೆಯವರ ಸಲಹೆಯಿಲ್ಲದೆ ಏನನ್ನೂ ಸಿಂಪಡಿಸಬೇಡಿ.

ಹುರಳಿಕಾಯಿ ಬೀಜದ ಪರೀಕ್ಷೆ: ಮಣ್ಣು ಅಥವಾ ಗೊಬ್ಬರದ ಮೇಲೆ ಸಂಶಯವಿದ್ದರೆ ಅದನ್ನು ಮೂರು ಕುಂಡಗಳಲ್ಲಿ, ಕಳೆನಾಶಕ ಸೋಕದ ಮಣ್ಣನ್ನು ಇನ್ನು ಮೂರು ಕುಂಡಗಳಲ್ಲಿ ತುಂಬಿ, ಪ್ರತಿಯೊಂದರಲ್ಲೂ ನಾಲ್ಕು ಹುರಳಿಕಾಯಿ ಬೀಜ ಊರಿ. ಎರಡು ಗುಂಪಿನ ಕುಂಡಗಳನ್ನೂ ದೂರ ದೂರ ಇಟ್ಟು, ಒಂದರಿಂದ ಬಸಿದ ನೀರು ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳಿ. ಮೂರು ವಾರಗಳವರೆಗೆ ಎಲೆಗಳನ್ನು ಗಮನಿಸಿ. ಸಂಶಯದ ಮಣ್ಣಿನಲ್ಲಿ ಮಾತ್ರ ಎಲೆ ಗುಳಿಬಿದ್ದರೆ ಅಥವಾ ಹಳದಿಯಾಗಿ ಸುಟ್ಟರೆ ಅಲ್ಲಿ ಕಳೆನಾಶಕದ ಶೇಷವಿದೆ. ಆದರೆ ಬೀಜ ಚೆನ್ನಾಗಿ ಬೆಳೆದ ಮಾತ್ರಕ್ಕೆ ಗಾಳಿಯಲ್ಲಿ ಬಂದ ಔಷಧಿ ಎಲೆಗೆ ಬಿದ್ದಿರಲಿಲ್ಲ ಎನ್ನಲಾಗದು. ತೇವವಿರುವ ಬೆಚ್ಚನೆಯ ಮಣ್ಣಿನಲ್ಲಿ 2,4-ಡಿ ಕೆಲವು ವಾರಗಳಲ್ಲಿ ಶಿಥಿಲವಾಗುತ್ತದೆ. ಗ್ಲೈಫೋಸೇಟ್ ಮಣ್ಣಿನ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಬೇರಿಗೆ ಸಿಗದಂತಾಗುತ್ತದೆ.

ಔಷಧಿ ಬಂದದ್ದು ಯಾವ ದಾರಿಯಿಂದ?

ಮೊದಲನೆಯದು ಗಾಳಿಯಲ್ಲಿ ತೇಲುವ ಸಣ್ಣ ಹನಿಗಳು. ಎರಡನೆಯದು ಆವಿ. 2,4-ಡಿ ನಮ್ಮಲ್ಲಿ ಸೋಡಿಯಂ ಲವಣ, ಅಮೈನ್ ಲವಣ ಮತ್ತು ಈಥೈಲ್ ಎಸ್ಟರ್ ರೂಪಗಳಲ್ಲಿ ದೊರೆಯುತ್ತದೆ. ಇವುಗಳಲ್ಲಿ ಎಸ್ಟರ್ ಸುಲಭವಾಗಿ ಆವಿಯಾಗುತ್ತದೆ. ಸಿಂಪಡಿಸುವಾಗ ಗಾಳಿ ಇಲ್ಲದಿದ್ದರೂ, ಅನಂತರ ಬಿಸಿಲೇರಿದಾಗ ಎದ್ದ ಆವಿ ನೆರೆಯ ತೋಟವನ್ನು ಮುಟ್ಟಬಹುದು.

ಮೂರನೆಯದು ನಿಮ್ಮದೇ ಪಂಪು. ಕಳೆನಾಶಕ ಹೊಡೆದ ಪಂಪಿನಲ್ಲಿ ಕೀಟನಾಶಕ ತುಂಬಿ ಸಿಂಪಡಿಸಿದಾಗ ಕೊಳವೆ, ವಾಷರ್ ಮತ್ತು ನಾಜಲ್‌ಗಳಲ್ಲಿ ಉಳಿದ ಅಂಶವೇ ಸಾಕಾಗುತ್ತದೆ. ಇದರ ಗುರುತು ಸ್ಪಷ್ಟ. ಸಿಂಪರಣೆ ಪ್ರಾರಂಭಿಸಿದ ಸಾಲಿನಲ್ಲಿ ಹಾನಿ ಅತಿ ಹೆಚ್ಚು, ಎರಡನೆಯ ಮೂರನೆಯ ಪಂಪಿಗೆ ಕ್ರಮೇಣ ಕಡಿಮೆ. ಗಾಳಿಯ ದಿಕ್ಕಿಗೂ ಹಾನಿಗೂ ಸಂಬಂಧವೇ ಇರುವುದಿಲ್ಲ.

ನಾಲ್ಕನೆಯದು ಬೇರು. ಕಾಲುದಾರಿ ಅಥವಾ ಬೇಲಿಯ ಬುಡಕ್ಕೆ ಸುರಿದ ಔಷಧಿ ಮಳೆನೀರಿನೊಡನೆ ಪೊದೆಯ ಬುಡಕ್ಕೆ ಹರಿದು ಬರಬಹುದು.

ಹಾನಿಗೊಂಡ ಗಿಡದ ಆರೈಕೆ

ಗಿಡದೊಳಗೆ ಸೇರಿದ ಕಳೆನಾಶಕವನ್ನು ಹೊರತೆಗೆಯುವ ಮದ್ದಿಲ್ಲ. ಹಾಗೆಂದು ಮಾರುವವರ ಮಾತಿಗೆ ಮರುಳಾಗಬೇಡಿ. ಅದೇ ದಿನ ಗೊತ್ತಾದರೆ ಎಲೆಗಳನ್ನು ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯುವುದರಿಂದ ಸ್ವಲ್ಪ ಅನುಕೂಲವಾಗಬಹುದು. ದಿನಗಳು ಕಳೆದಿದ್ದರೆ ಹದವಾಗಿ ನೀರು ಕೊಡಿ, ಬುಡಕ್ಕೆ ಹೊದಿಕೆ ಹಾಕಿ. ಚಿಗುರಲಿ ಎಂದು ಹೆಚ್ಚು ಯೂರಿಯಾ ಸುರಿಯಬೇಡಿ. ಮುದುಡಿದ ಎಲೆಗಳನ್ನು ಆತುರದಿಂದ ಕತ್ತರಿಸಬೇಡಿ. ಅವು ಸೊಟ್ಟಗಿದ್ದರೂ ಗಿಡಕ್ಕೆ ಅಷ್ಟಿಷ್ಟು ಆಹಾರ ತಯಾರಿಸುತ್ತವೆ. ಆರೋಗ್ಯವಾದ ಹೊಸ ಚಿಗುರು ಬಂದ ಮೇಲೆ ಸತ್ತ ತುದಿಗಳನ್ನಷ್ಟೇ ತೆಗೆಯಿರಿ. ಎರಡು ಬಾರಿ ಚಿಗುರಿದರೂ ಪೊರಕೆಯಂತಹ ಗುಚ್ಛವೇ ಬಂದರೆ ಆಗ ಆ ಗಿಡವನ್ನು ಬದಲಿಸುವ ಯೋಚನೆ ಮಾಡಬಹುದು. ಔಷಧಿ ಬಿದ್ದ ಗಿಡದ ಸೊಪ್ಪು, ತರಕಾರಿಯನ್ನು ಜನರಿಗಾಗಲಿ ದನಕರುಗಳಿಗಾಗಲಿ ಕೊಡಬೇಡಿ. ಅಂತಹ ಹಿಪ್ಪುನೇರಳೆ ಸೊಪ್ಪನ್ನು ರೇಷ್ಮೆ ಹುಳುವಿಗೂ ಹಾಕಬೇಡಿ.

ಕಾರಣ ಹಿಟ್ಟು ತಿಗಣೆಯಾಗಿದ್ದರೆ ಬಾಧೆಗೊಂಡ ಕುಡಿಗಳನ್ನು ಕತ್ತರಿಸಿ ಸುಡಬೇಕು. ಇದನ್ನು ತಿನ್ನುವ ಕ್ರಿಪ್ಟೋಲೀಮಸ್ ಎಂಬ ಗುಲಗಂಜಿ ಹುಳುವನ್ನು ಆಸ್ಟ್ರೇಲಿಯದಿಂದ 1898ರಲ್ಲೇ ಭಾರತಕ್ಕೆ ತರಲಾಯಿತು. ಅದನ್ನು ಬಿಟ್ಟ ತೋಟದಲ್ಲಿ ಕೀಟನಾಶಕ ಹೊಡೆಯಬಾರದು. ಥ್ರಿಪ್ಸ್ ಮತ್ತು ಸಸ್ಯಹೇನಿನ ಬಾಧೆಯ ಪ್ರಾರಂಭದಲ್ಲಿ ಶೇಕಡಾ 5ರ ಬೇವಿನ ಬೀಜದ ಕಷಾಯ ಉಪಯುಕ್ತ.

ಮುಂದೆ ಹೀಗಾಗದಂತೆ

1. ಕಳೆನಾಶಕಕ್ಕೆಂದೇ ಒಂದು ಪಂಪನ್ನು ಮೀಸಲಿಡಿ. ಅದರ ಮೇಲೆ ಬಣ್ಣದಿಂದ ದಪ್ಪಗೆ ಗುರುತು ಹಾಕಿ. ಎರಡನೆಯ ಪಂಪು ಕೊಳ್ಳಲು ಆಗದಿದ್ದರೆ ನಾಲ್ಕು ಮಂದಿ ಸೇರಿ ಒಂದನ್ನು ಕೊಳ್ಳಿ.

2. ಅನಿವಾರ್ಯವಾಗಿ ಅದೇ ಪಂಪು ಬಳಸುವುದಾದರೆ ಎರಡು ಮೂರು ಬಾರಿ ನೀರಿನಿಂದ ತೊಳೆದು, ಲೀಟರಿಗೆ ಸುಮಾರು 10 ಗ್ರಾಂ ವಾಷಿಂಗ್ ಸೋಡ ಕರಗಿಸಿದ ನೀರನ್ನು ತುಂಬಿ, ಸ್ವಲ್ಪವನ್ನು ಕೊಳವೆಯ ಮೂಲಕ ಹಾಯಿಸಿ, ರಾತ್ರಿಯಿಡೀ ಬಿಟ್ಟು ಮತ್ತೆ ತೊಳೆಯಿರಿ. ಆ ನೀರನ್ನು ಬಾವಿ, ಕೆರೆ, ಕಾಲುವೆಗಳ ಬಳಿ ಚೆಲ್ಲಬೇಡಿ. ಇಷ್ಟು ಮಾಡಿದರೂ ದ್ರಾಕ್ಷಿ, ಹತ್ತಿ, ಟೊಮ್ಯಾಟೊ, ಗುಲಾಬಿಗಳಿಗೆ ಆ ಪಂಪನ್ನು ಬಳಸದಿರುವುದೇ ಕ್ಷೇಮ.

3. ಎಲೆಗಳು ಮೆಲ್ಲಗೆ ಅಲುಗುವಷ್ಟು ಗಾಳಿ ಇರುವಾಗ, ಅದೂ ಸೂಕ್ಷ್ಮ ಬೆಳೆಯಿಂದ ಆಚೆಗೆ ಬೀಸುತ್ತಿರುವಾಗ ಸಿಂಪಡಿಸಿ. ಜೋರು ಗಾಳಿಯಲ್ಲಿ ಬೇಡ. ಒಲೆಯ ಹೊಗೆ ಮೇಲೇರದೆ ಅಡ್ಡಲಾಗಿ ಹರಡಿ ನಿಂತ ನಿಶ್ಚಲ ಮುಂಜಾನೆಯಲ್ಲಿಯೂ ಬೇಡ. ಆಗ ಸಣ್ಣ ಹನಿಗಳು ಕೆಳಗಿಳಿಯದೆ ತೇಲಿ ದೂರ ಸಾಗುತ್ತವೆ.

4. ಕಡಿಮೆ ಒತ್ತಡದಲ್ಲಿ, ದಪ್ಪ ಹನಿ ಬೀಳಿಸುವ ಕಳೆನಾಶಕದ ನಾಜಲ್ ಬಳಸಿ. ನಾಜಲ್ಲಿಗೆ ಮರೆ ಕಟ್ಟಿ, ನೆಲಕ್ಕೆ ಹತ್ತಿರವಾಗಿ ಹಿಡಿಯಿರಿ.

5. ಹೂತೋಟ, ದ್ರಾಕ್ಷಿ, ಹಿಪ್ಪುನೇರಳೆ ಹತ್ತಿರವಿದ್ದರೆ 2,4-ಡಿ ಎಸ್ಟರನ್ನು ಬಳಸಲೇಬೇಡಿ. ಪೊದೆಗಳ ಬುಡದ ಕಳೆಗೆ ಕುಡುಗೋಲು ಮತ್ತು ಹೊದಿಕೆಯೇ ಉತ್ತಮ. ಗ್ಲೈಫೋಸೇಟ್ ಬಳಕೆಯನ್ನು ಕೀಟ ನಿಯಂತ್ರಣದ ಪರವಾನಗಿ ಪಡೆದವರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರವು 2022ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತೆಂಬುದನ್ನು ಗಮನದಲ್ಲಿಡಿ.

6. ಸಿಂಪಡಿಸುವ ಹಿಂದಿನ ದಿನ ಪಕ್ಕದ ಹೊಲದವರಿಗೆ ಒಂದು ಮಾತು ತಿಳಿಸಿ. ದಿನಾಂಕ, ವೇಳೆ, ಔಷಧಿ, ಪ್ರಮಾಣ ಮತ್ತು ಗಾಳಿಯ ದಿಕ್ಕನ್ನು ಪುಸ್ತಕದಲ್ಲಿ ಬರೆದಿಡಿ.

ನೀವೇ ನಿರ್ಧರಿಸಲಾಗದಿದ್ದರೆ ಸರಿಯಾದ ಎಲೆ, ಸೊಟ್ಟ ಎಲೆ ಎರಡೂ ಇರುವ ಒಂದು ಪೂರ್ಣ ರೆಂಬೆಯನ್ನು ಕಾಗದದಲ್ಲಿ ಸುತ್ತಿ, ಬಾಧೆಗೊಂಡ ಇತರ ಜಾತಿಯ ಗಿಡಗಳ ಮಾದರಿ ಮತ್ತು ತೋಟದ ಒಂದು ಸರಳ ನಕ್ಷೆಯೊಡನೆ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಕೃಷಿ ವಿಜ್ಞಾನ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ನಕ್ಷೆಯಲ್ಲಿ ಹಾನಿ ಹೆಚ್ಚಿರುವ ಜಾಗ, ಕಡಿಮೆಯಿರುವ ಜಾಗ, ಗಾಳಿಯ ದಿಕ್ಕು, ನೆರೆಯ ಬೆಳೆ ಇವಿಷ್ಟು ಇರಲಿ. ಬರಿಯ ಒಂದು ಮುದುಡಿದ ಎಲೆಯನ್ನು ನೋಡಿ ಯಾವ ತಜ್ಞರೂ ಖಚಿತವಾಗಿ ಹೇಳಲಾರರು. ಇಷ್ಟು ವಿವರ ಕೈಯಲ್ಲಿದ್ದರೆ ಕಾರಣ ಬೇಗ ತಿಳಿಯುತ್ತದೆ. ಬೇಡದ ಔಷಧಿಯ ಹಣವೂ ನೆರೆಹೊರೆಯ ಸ್ನೇಹವೂ ಉಳಿಯುತ್ತವೆ.